ಹಳೇ ಟ್ರ್ಯಾಕ್ಟರಿಗೆ ಕೈಯಾರೆ ಕಟ್ಟಿದ ಗೂಡು



ಹೋದ ತಿಂಗಳು ನಮ್ಮೂರ ಚಾದಂಗಡಿಯಲ್ಲಿ ಒಂದು ಫೋಟೊ ಕೈಯಿಂದ ಕೈಗೆ ಓಡಾಡಿತು. ನಮ್ಮ ಬೀದಿಯ ಹುಡುಗನೊಬ್ಬ ಅಮೆರಿಕದ ಮಿನ್ನೆಸೋಟ ಎಂಬ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಯ ಪಕ್ಕದಲ್ಲಿರುವ ಮುದುಕ ರೈತನೊಬ್ಬನ ಟ್ರ್ಯಾಕ್ಟರಿನ ಚಿತ್ರ ತೆಗೆದು ಅಪ್ಪನ ಫೋನಿಗೆ ಕಳಿಸಿದ್ದ. ಸುತ್ತ ಮೊಣಕಾಲುದ್ದ ಹಿಮ. ನಡುವೆ ಒಂದು ಪುಟ್ಟ ಟ್ರ್ಯಾಕ್ಟರ್. ಅದರ ಸೀಟಿನ ಸುತ್ತ ಹಲಗೆ, ಪ್ಲೈವುಡ್, ಯಾವುದೋ ಹಳೇ ಬಾಗಿಲು, ಟಾರ್ಪಾಲು ಎಲ್ಲವನ್ನೂ ಸೇರಿಸಿ ಕಟ್ಟಿದ ಒಂದು ಗೂಡು. ನೋಡಿದವರೆಲ್ಲ ನಕ್ಕರು. "ಅಮೆರಿಕದವನೂ ಕೋಳಿಗೂಡಿನಲ್ಲಿ ಕೂತ್ಕೊಂಡು ಗಾಡಿ ಹೊಡೀತಾನಲ್ರೀ!" ಎಂದ ಒಬ್ಬ. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಯಾಕೆಂದರೆ ನನ್ನ ಕೊಟ್ಟಿಗೆಯಲ್ಲೂ ಅಂಥದೇ ಒಂದು ಗೂಡಿದೆ.

ಹುಡುಗನಿಗೆ ಹೇಳಿ ಇನ್ನೂ ನಾಲ್ಕು ಚಿತ್ರ ತರಿಸಿಕೊಂಡೆ. ಮುದುಕನನ್ನು ಕೇಳಿ ತಿಳಿಸು ಎಂದು ಹತ್ತಾರು ಪ್ರಶ್ನೆಗಳನ್ನೂ ಕಳಿಸಿದೆ. ಬಂದ ಉತ್ತರ ನೋಡಿದ ಮೇಲೆ ಇದನ್ನು ನಮ್ಮ ಪತ್ರಿಕೆಗೆ ಬರೆಯಲೇಬೇಕು ಅನ್ನಿಸಿತು.

ಆ ಟ್ರ್ಯಾಕ್ಟರ್ ಫೋರ್ಡ್ 8ಎನ್. 1947ರಿಂದ 1952ರವರೆಗೆ ತಯಾರಾದ ಗಾಡಿ, ಐದು ಲಕ್ಷಕ್ಕೂ ಹೆಚ್ಚು ಮಾಡಿದರಂತೆ. ಅಂದರೆ ಕಡಿಮೆಯೆಂದರೂ ಎಪ್ಪತ್ತು ವರ್ಷ ದಾಟಿದ ಯಂತ್ರ. ನಮ್ಮ ಲೆಕ್ಕದಲ್ಲಿ ಸಣ್ಣ ಟ್ರ್ಯಾಕ್ಟರೇ. ಬ್ಯಾಟರಿ 6 ವೋಲ್ಟಿನದು. ಈಗಲೂ ಅಲ್ಲಿನ ಸಣ್ಣ ಹಿಡುವಳಿದಾರರು ಹಿಮ ತಳ್ಳಲು, ಹುಲ್ಲು ಸಾಗಿಸಲು, ಸೌದೆ ಎಳೆಯಲು ಇದನ್ನೇ ಇಟ್ಟುಕೊಂಡಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವುದು ಸಾಮಾನ್ಯ. ಬಯಲು ಸೀಟಿನಲ್ಲಿ ಕೂತು ಗಾಳಿಗೆ ಮುಖ ಕೊಟ್ಟರೆ ಬೆರಳು ಕೊಳೆತು ಉದುರುತ್ತದೆ. ಹಾಗಾಗಿ ಗೂಡು. ಹೊಸ ಕ್ಯಾಬಿನ್ ಟ್ರ್ಯಾಕ್ಟರ್ ಯಾಕೆ ಕೊಳ್ಳಲಿಲ್ಲ ಎಂದು ಕೇಳಿದ್ದಕ್ಕೆ ಮುದುಕ ಕೊಟ್ಟ ಕಾರಣ ನಮಗೆ ಹೊಸದಲ್ಲ: ಸಾಲ ಬೇಡ.

ಈ ಒಂದು ಮಾತಿಗೆ ಹಿಂದೆ ಎಷ್ಟು ಇತಿಹಾಸ ಇದೆ ನೋಡಿ. 1979ರ ಫೆಬ್ರುವರಿ 5ರಂದು ಅಮೆರಿಕದ ರೈತರು ದೂರದೂರದ ರಾಜ್ಯಗಳಿಂದ, ಚಳಿಗಾಲದ ನಡುವೆ, ಟ್ರ್ಯಾಕ್ಟರ್ ಹೊಡೆದುಕೊಂಡು ರಾಜಧಾನಿ ವಾಷಿಂಗ್ಟನ್ನಿಗೆ ನುಗ್ಗಿದರು. ಅಮೆರಿಕನ್ ಅಗ್ರಿಕಲ್ಚರ್ ಮೂವ್‌ಮೆಂಟ್ ಎಂಬುದು ಅವರ ಸಂಘಟನೆ. ಅವರು ಕೇಳಿದ್ದು 'ಪ್ಯಾರಿಟಿ', ಅಂದರೆ ರೈತ ಕೊಳ್ಳುವ ಸರಕಿನ ಬೆಲೆ ಏರಿದಂತೆ ಅವನು ಮಾರುವ ಸರಕಿನ ಬೆಲೆಯೂ ಏರಬೇಕೆಂಬ ಲೆಕ್ಕ. ನಾವು ವೈಜ್ಞಾನಿಕ ಬೆಲೆ ಎಂದು ಕೇಳುತ್ತಾ ಬಂದದ್ದಕ್ಕೆ ಹತ್ತಿರದ ನೆಂಟ. ಪೊಲೀಸರು ಅವರ ಟ್ರ್ಯಾಕ್ಟರುಗಳನ್ನು ಮೈದಾನವೊಂದರಲ್ಲಿ ಕೂಡಿಹಾಕಿದರು. ಪಟ್ಟಣದವರು ಸಂಚಾರಕ್ಕೆ ತೊಂದರೆ ಎಂದು ಬೈದರು. ಎರಡು ವಾರ ಕಳೆಯುವುದರಲ್ಲಿ, ಫೆಬ್ರುವರಿ 18 ಮತ್ತು 19ರಂದು, ಆ ಊರಿನ ಮೇಲೆ ಭಾರೀ ಹಿಮ ಸುರಿಯಿತು. ಕಾರುಗಳು ಹೂತು ಹೋದವು. ಆಗ ಡಾಕ್ಟರು, ನರ್ಸುಗಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ದಾರಿ ಬಿಡಿಸಿದ್ದು ಇದೇ ರೈತರ ಟ್ರ್ಯಾಕ್ಟರುಗಳು! ಬೆಲೆ ಮಾತ್ರ ಸಿಗಲಿಲ್ಲ. ಮುಂದಿನ ಹತ್ತು ವರ್ಷದಲ್ಲಿ ಬಡ್ಡಿ ಏರಿ, ಭೂಮಿ ಬೆಲೆ ಬಿದ್ದು, ಸಾವಿರಾರು ಹಿಡುವಳಿಗಳು ಅಲ್ಲಿ ಹರಾಜಾದವು. ಅದನ್ನು ಕಂಡವನು ಎಪ್ಪತ್ತು ವರ್ಷದ ಗಾಡಿಗೆ ಪ್ಲೈವುಡ್ ಹೊಡೆದುಕೊಂಡು ಕೂರುವುದು ಜಿಪುಣತನವಲ್ಲ ಸ್ವಾಮಿ, ಪಾಠ.

ಇನ್ನು ಗೂಡಿನ ವಿಚಾರ. ಇದರಲ್ಲಿ ಕಲಿಯುವುದು ಬಹಳ ಇದೆ, ಸ್ವಲ್ಪ ವಿವರವಾಗಿಯೇ ಹೇಳ್ತೀನಿ.

ಬುಡಕ್ಕೆ ಕಬ್ಬಿಣದ ಆಂಗಲ್ಲಿನ ಒಂದು ಚೌಕ. ಅದನ್ನು ಹಿಂದಿನ ಆಕ್ಸಲ್ ಹೌಸಿಂಗಿಗೆ ಬೋಲ್ಟಿನಿಂದ ಬಿಗಿದಿದ್ದಾನೆ, ವೆಲ್ಡ್ ಮಾಡಿಲ್ಲ. ಆ ಹೌಸಿಂಗ್ ಎರಕದ್ದು. ಎರಕದ ಮೇಲೆ ಸಿಕ್ಕ ಸಿಕ್ಕ ಹಾಗೆ ವೆಲ್ಡಿಂಗ್ ಮಾಡಿದರೆ ಕಾಯ್ದು, ಆರಿ, ಕೂದಲೆಳೆಯ ಬಿರುಕು ಬಿಡುತ್ತದೆ. ಇವತ್ತು ಕಾಣುವುದಿಲ್ಲ, ಲೋಡು ಎಳೆಯುವ ದಿನ ಕಾಣುತ್ತದೆ. ನಮ್ಮಲ್ಲಿ ಎಷ್ಟು ಜನ ಮಡ್‌ಗಾರ್ಡಿನ ತೆಳು ತಗಡಿಗೇ ಕ್ಯಾನೊಪಿ ಕಂಬ ನಿಲ್ಲಿಸಿದ್ದಾರೆ, ನೋಡಿದ್ದೀರಲ್ಲ? ಆರು ತಿಂಗಳಿಗೆ ತಗಡು ಹರಿದು ಕಂಬ ಜೋಲಾಡುತ್ತದೆ.

ಚೌಕದ ಮೇಲೆ ಮರದ ಪಟ್ಟಿಯ ಕಟ್ಟು, ಅದಕ್ಕೆ ಪ್ಲೈವುಡ್. ನಾಲ್ಕು ಬೋಲ್ಟ್ ಬಿಚ್ಚಿದರೆ ಇಡೀ ಗೂಡು ಮೇಲೇಳುತ್ತದೆ. ಏಪ್ರಿಲ್ ಬಂತೆಂದರೆ ಕೊಟ್ಟಿಗೆಯ ತೊಲೆಗೆ ಹಗ್ಗ ಹಾಕಿ ಎಳೆದು ಅಲ್ಲೇ ನೇತು ಹಾಕುತ್ತಾನೆ. ಚಳಿ ಬಂದಾಗ ಟ್ರ್ಯಾಕ್ಟರನ್ನು ಅಡಿಗೆ ತಂದು ನಿಲ್ಲಿಸಿ ಇಳಿಸುವುದು. ಕಿಟಕಿಗೆ ಮನೆ ಕಿಟಕಿಯ ಗಾಜು ಹಾಕಿಲ್ಲ, ಒಡೆದರೆ ಚೂರಿಯಾಗುತ್ತದೆಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿದ್ದಾನೆ. ಕಾರಿನ ವೈಪರ್ 12 ವೋಲ್ಟಿನದು, ಇವನ ಬ್ಯಾಟರಿ 6, ಹಾಗಾಗಿ ಕೈಯಲ್ಲಿ ತಿರುಗಿಸುವ ಒಂದು ಹಿಡಿ ಮಾಡಿಕೊಂಡಿದ್ದಾನೆ. ಮರಕ್ಕೂ ಕಬ್ಬಿಣಕ್ಕೂ ನಡುವೆ ಹಳೇ ಟ್ಯೂಬಿನ ರಬ್ಬರು, ಇಲ್ಲದಿದ್ದರೆ ಗೂಡು ಡೋಲಿನಂತೆ ಬಾರಿಸಿ ಕಿವಿ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಕ್ಯಾಬಿನ್‌ಗಳೇ ಹೀಗೆ ರೈತರ ಕಿವಿ ಕೆಡಿಸಿ, ಕೊನೆಗೆ 1976ರಲ್ಲಿ ಕ್ಯಾಬಿನ್ ಒಳಗಿನ ಸದ್ದು 90 ಡೆಸಿಬೆಲ್ ದಾಟಬಾರದೆಂದು ಕಾನೂನು ತರಬೇಕಾಯಿತು.

ಶಾಖಕ್ಕೆ ಏನು ಮಾಡಿದ? ನನಗೆ ತುಂಬ ಹಿಡಿಸಿದ್ದು ಇದೇ. ಎಂಜಿನ್ನಿನ ಫ್ಯಾನು ರೇಡಿಯೇಟರಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಸಿ ಉಗುಳುತ್ತದಲ್ಲ, ಬೇಸಿಗೆಯಲ್ಲಿ ನಮ್ಮ ತೊಡೆ ಸುಡುವುದು ಅದೇ. ಅವನು ಎಂಜಿನ್ನಿನ ಎರಡೂ ಮಗ್ಗುಲಿಗೆ ಕ್ಯಾನ್ವಾಸ್ ಪರದೆ ಕಟ್ಟಿ ಆ ಬಿಸಿ ಗಾಳಿ ಅತ್ತಿತ್ತ ಹೋಗದೆ ನೇರ ತನ್ನ ಕಾಲಿಗೆ ಬರುವ ಹಾಗೆ ಮಾಡಿದ್ದಾನೆ. ಒಂದು ಕಾಸಿನ ಇಂಧನ ಖರ್ಚಿಲ್ಲ. ಹಿಂದೆ ಕಂಪನಿಗಳೇ ಇದನ್ನು ಹೀಟ್ ಹೌಸರ್ ಎಂಬ ಹೆಸರಿನಲ್ಲಿ ಹೊಲಿದು ಮಾರುತ್ತಿದ್ದವು. ಪರದೆ ಮ್ಯಾನಿಫೋಲ್ಡಿಗೆ ತಾಗದಂತೆ ನೋಡಿಕೊಳ್ಳಬೇಕು ಅಷ್ಟೆ, ತಾಗಿದರೆ ಬೆಂಕಿ.

ಆದರೆ ಈ ಗೂಡಿನಲ್ಲಿ ಒಂದು ಯಮ ಕೂತಿರುತ್ತಾನೆ. 8ಎನ್ ಗಾಡಿಯ ಹೊಗೆ ಕೊಳವೆ ಹೊಟ್ಟೆಯ ಕೆಳಗೆ ಹಾದು ಹಿಂದಕ್ಕೆ ಬಿಡುತ್ತದೆ. ಬಯಲಿನಲ್ಲಿ ಅದು ಗಾಳಿಗೆ ಹೋಗುತ್ತದೆ. ಸುತ್ತ ಮುಚ್ಚಿದ ಮೇಲೆ ನೆಲದ ಸಂದಿಯಿಂದ ಒಳಗೆ ಬರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ಚಳಿಗೆ ಬೆಚ್ಚಗಿದೆ ಎಂದುಕೊಂಡು ಅಲ್ಲೇ ಮಲಗಿದವನು ಏಳುವುದಿಲ್ಲ. ಅದಕ್ಕೇ ಮುದುಕ ಕೊಳವೆಯನ್ನು ನೆಟ್ಟಗೆ ಮೇಲಕ್ಕೆ ತಿರುಗಿಸಿ ಚಾವಣಿಗಿಂತ ಎತ್ತರಕ್ಕೆ ಒಯ್ದಿದ್ದಾನೆ, ಹಿಂಬದಿಯನ್ನು ಹಲಗೆಯಿಂದ ಮುಚ್ಚದೆ ಬರೀ ಟಾರ್ಪಾಲು ಇಳಿಬಿಟ್ಟಿದ್ದಾನೆ. ಗಾಳಿಯೂ ಆಡುತ್ತದೆ, ಅವಘಡವಾದರೆ ಹಾರುವುದಕ್ಕೂ ದಾರಿ.

ಕೈಯಾರೆ ಕಟ್ಟಿದ ಗೂಡೆಂದರೆ ಕೀಳಲ್ಲ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ. 1953ರಲ್ಲಿ ನಮ್ಮ ತೇನ್‌ಸಿಂಗ್ ಜೊತೆ ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ಗೊತ್ತಲ್ಲ. ಅವನು 1957ರ ಅಕ್ಟೋಬರಿನಲ್ಲಿ ಅಂಟಾರ್ಟಿಕದ ಸ್ಕಾಟ್ ಬೇಸಿನಿಂದ ಫರ್ಗುಸನ್ ಟಿಇ20 ಟ್ರ್ಯಾಕ್ಟರುಗಳಲ್ಲಿ ಹೊರಟು 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ. ಸುಮಾರು 2000 ಕಿಲೋಮೀಟರ್ ಹಿಮ. ಟೈರಿನ ಮೇಲೆ ಉಕ್ಕಿನ ಪಟ್ಟೆ, ಬಿರುಕಿನಲ್ಲಿ ಬಿದ್ದರೆ ಎಳೆಯಲು ಒಂದಕ್ಕೊಂದು ಹಗ್ಗ, ಚಾಲಕನಿಗೆ ಗಾಳಿ ತಡೆಯಲು ಕ್ಯಾನ್ವಾಸ್ ಬಟ್ಟೆಯ ಮರೆ. ಅಷ್ಟೇ! ಅದು ಹೊಲ ಉಳುವ ಟ್ರ್ಯಾಕ್ಟರು ಕಣ್ರೀ, 28 ಕುದುರೆಶಕ್ತಿಯದು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾಗಿ ಐದು ಲಕ್ಷ ದಾಟಿ ಮಾರಾಟವಾದದ್ದು. ಆ ಫರ್ಗುಸನ್ನನೇ ಬೆಳೆಸಿದ ಮೂರು ಕೊಂಡಿಯ ಹೈಡ್ರಾಲಿಕ್ ಲಿಫ್ಟು ಇವತ್ತು ನಿಮ್ಮ ಮನೆಯ ಗಾಡಿಯ ಹಿಂದೂ ಇದೆ. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟಾಫೆ ಕಂಪನಿ ತಂದ ಮ್ಯಾಸ್ಸಿ 1035 ಅದೇ ವಂಶದ ಕುಡಿ. ಧ್ರುವಕ್ಕೆ ಹೋದ ಗಾಡಿಯ ಮೊಮ್ಮಗ ನಮ್ಮ ಸಂತೆಗೆ ಭತ್ತದ ಮೂಟೆ ತರುತ್ತಾನೆ.

ನಮ್ಮಲ್ಲೂ ಕಟ್ಟುವವರಿಗೆ ಬರವಿಲ್ಲ. 2020ರ ನವೆಂಬರಿನಿಂದ ವರ್ಷಕ್ಕೂ ಮೇಲ್ಪಟ್ಟು ದಿಲ್ಲಿಯ ಸಿಂಘು, ಟಿಕ್ರಿ ಗಡಿಯಲ್ಲಿ ಪಂಜಾಬ್, ಹರಿಯಾಣದ ರೈತರು ಟ್ರಾಲಿಗಳಿಗೆ ಬಿದಿರು, ಟಾರ್ಪಾಲು ಕಟ್ಟಿ, ಹುಲ್ಲು ಹಾಸಿ, ಚಳಿಗಾಲ ಕಳೆದದ್ದು ಎಲ್ಲರೂ ಕಂಡದ್ದೇ.

ಇಷ್ಟು ಹೊಗಳಿದವನು ಈಗ ಇನ್ನೊಂದು ಮುಖ ಹೇಳಬೇಕು. ಅದು ನನ್ನ ಮನೆಯ ಕಥೆ. ಬರೆಯಲು ಕೈ ಬರುವುದಿಲ್ಲ, ಆದರೂ ಬರೀತೀನಿ.

ನಮ್ಮದು ಎಚ್.ಎಂ.ಟಿ. 2511. 25 ಕುದುರೆಶಕ್ತಿ. ಜೆಕ್ ದೇಶದ ಜೆಟರ್ ಕಂಪನಿಯ ನಕ್ಷೆಯಂತೆ ಸರ್ಕಾರದ ಎಚ್.ಎಂ.ಟಿ. 1971ರಿಂದ ಪಿಂಜೋರಿನಲ್ಲಿ ತಯಾರಿಸಿದ ಗಾಡಿ. ಆ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು, ಈಗ ಬಿಡಿಭಾಗಕ್ಕೆ ಗುಜರಿಯೇ ಗತಿ. ಅದನ್ನು ನನ್ನ ತಮ್ಮ ಸಾಲ ಮಾಡಿ, ಭೂಮಿ ಅಡಮಾನ ಇಟ್ಟು ತಂದಿದ್ದ. 1999ರಲ್ಲಿ ಪುನರ್ವಸು ಮಳೆ ಹಿಡಿದು ಹೊಡೆಯುತ್ತಿತ್ತು. ಗದ್ದೆಯಲ್ಲಿ ಕೆಸರು ಹೊಡೆಯುವಾಗ ಹಿಂದಿನ ಗಾಲಿ ಹೂತಿತು. ಎಲ್ಲರೂ ಮಾಡುವ ಹಾಗೆ ಅಡಿಕೆ ಮರದ ತುಂಡನ್ನು ಎರಡೂ ಗಾಲಿಗೆ ಅಡ್ಡ ಕಟ್ಟಿ, ಫಸ್ಟ್ ಗೇರಿನಲ್ಲಿ ಮುಂದಕ್ಕೆ ಹೊಡೆದ. ಮರ ಕೆಸರಿನಲ್ಲಿ ಕಚ್ಚಿಕೊಂಡಿತು. ಗಾಲಿ ತಿರುಗಲಿಲ್ಲ. ಎಂಜಿನ್ ಬಿಡಲಿಲ್ಲ. ಗಾಲಿ ತಿರುಗದಿದ್ದರೆ ಗಾಡಿಯೇ ಆಕ್ಸಲಿನ ಸುತ್ತ ತಿರುಗುತ್ತದೆ, ಅಂದರೆ ಮೂತಿ ಮೇಲೇಳುತ್ತದೆ. ಒಂದೂವರೆ ಸೆಕೆಂಡು ಸಾಕು. ಕ್ಲಚ್ ಒತ್ತಬೇಕು ಎಂದು ತಲೆಗೆ ಹೊಳೆಯುವಷ್ಟರಲ್ಲಿ ಮುಗಿದಿರುತ್ತದೆ. ನಾನು ಬದುವಿನ ಮೇಲೆ ಇದ್ದೆ.

ಗಾಡಿಗೆ ಏನೂ ಆಗಲಿಲ್ಲ. ಸ್ಟೇರಿಂಗ್ ಬಗ್ಗಿತ್ತು, ಅಷ್ಟೆ.

ಮೂರನೇ ತಿಂಗಳಿಗೆ ಸಾಲ ಕೊಟ್ಟವರ ನೋಟೀಸು ಬಂತು, ಸತ್ತವನ ಹೆಸರಿಗೆ. ಮುಂದಿನ ಬೇಸಿಗೆಯಲ್ಲಿ ಜಪ್ತಿಗೆ ಜೀಪು ಬಂತು. ಊರವರು ಗಾಡಿಯ ಮುಂದೆ ಕೂತರು, ಜೀಪು ವಾಪಸ್ ಹೋಯಿತು. ಆದರೂ ಸಾಲ ಸಾಲವೇ. ಒಂದು ಎಕರೆ ಹತ್ತು ಗುಂಟೆ ಮಾರಿ 2006ರಲ್ಲಿ ತೀರಿಸಿದೆ. ತಮ್ಮನ ಹೆಂಡತಿ ಆ ಗಾಡಿಯನ್ನು ಮಾರಿಬಿಡು ಎಂದಳು. ಮಾರಿದರೆ ಉಳುವುದು ಯಾವುದರಲ್ಲಿ?

2008ರಲ್ಲಿ ನನ್ನ ಮಗ ಗಾಡಿ ಹೊಡೆಯಲು ಶುರು ಮಾಡಿದ. ಮಳೆಗೆ ನೆನೆಯುತ್ತಾನೆಂದು ಒಂದೂಕಾಲು ಇಂಚಿನ ಪೈಪು, ಆಂಗಲ್ಲು, ಮೇಲೆ ತಗಡು ಹೊಡೆಸಿ ಕ್ಯಾನೊಪಿ ಕಟ್ಟಿಸಿದೆ. ಪೇಟೆಯ ವೆಲ್ಡಿಂಗ್ ಅಂಗಡಿಯವನು ಒಳ್ಳೆಯ ಕೆಲಸಗಾರ. ಬಿಸಿಲು, ಮಳೆ ಎರಡಕ್ಕೂ ಚೆನ್ನಾಗಿತ್ತು. ಒಂದು ದಿನ ಮಗ ಯಾರಿಗೋ ಹೇಳುತ್ತಿದ್ದ: "ಈಗ ಭಯ ಇಲ್ಲ, ಮೇಲೆ ಕಬ್ಬಿಣ ಇದೆ." ನನ್ನ ಎದೆ ಧಸಕ್ಕೆಂದಿತು. ಅದು ಕಬ್ಬಿಣದ ಕೊಡೆ ಮಾರಾಯ! ಒಂದೂವರೆ ಟನ್ನಿನ ಗಾಡಿ ಮಗುಚಿ ಬಿದ್ದರೆ ಆ ಪೈಪು ಅಗರಬತ್ತಿಯಂತೆ ಮಡಚಿಕೊಳ್ಳುತ್ತದೆ, ಒಳಗೆ ಕೂತವನನ್ನು ಹಿಡಿದುಕೊಂಡೇ ಮಡಚಿಕೊಳ್ಳುತ್ತದೆ. ಜೊತೆಗೆ ಮೇಲೆ ತೂಕ ಏರಿಸಿದಷ್ಟೂ ಗಾಡಿಯ ಭಾರದ ನಡುವು ಮೇಲೇರಿ ಬದುವಿನ ಇಳುಕಲಿನಲ್ಲಿ ಬೇಗ ಮಗುಚುತ್ತದೆ. ಮುದುಕನ ಪ್ಲೈವುಡ್ ಗೂಡಿಗೂ ಇದೇ ಮಾತು. ಅದು ಚಳಿ ತಡೆಯುತ್ತದೆ, ಟ್ರ್ಯಾಕ್ಟರನ್ನು ತಡೆಯುವುದಿಲ್ಲ.

ಟ್ರ್ಯಾಕ್ಟರನ್ನು ತಡೆಯುವುದೇ ಬೇರೆ. ಸೀಟಿನ ಹಿಂದೆ ದಪ್ಪ ಉಕ್ಕಿನ ಕಮಾನು, ಎರಡು ಕಾಲಿನದೋ ನಾಲ್ಕು ಕಾಲಿನದೋ. ಅದನ್ನು ಪರೀಕ್ಷೆ ಮಾಡುವಾಗ ಭಾರೀ ತೂಕದಿಂದ ಗುದ್ದಿ, ಹಿಂದಿನಿಂದ, ಮಗ್ಗುಲಿನಿಂದ ತಳ್ಳಿ ನೋಡುತ್ತಾರೆ. ಅದು ಬಗ್ಗಬೇಕು ಆದರೆ ಮುರಿಯಬಾರದು, ಬಗ್ಗಿದ ಮೇಲೂ ಚಾಲಕ ಕೂತ ಜಾಗ ಉಳಿದಿರಬೇಕು. ಜೊತೆಗೆ ಸೊಂಟಕ್ಕೆ ಪಟ್ಟಿ. ಕಮಾನು ಇದ್ದರೆ ಮಾತ್ರ ಪಟ್ಟಿ ಕಟ್ಟಬೇಕು. ಕಮಾನಿಲ್ಲದ ಗಾಡಿಯಲ್ಲಿ, ಬರೀ ಕೊಡೆ ಇರುವ ಗಾಡಿಯಲ್ಲಿ ಪಟ್ಟಿ ಕಟ್ಟುವುದೆಂದರೆ ಹಾರುವ ದಾರಿಯನ್ನೂ ಮುಚ್ಚಿಕೊಂಡ ಹಾಗೆ.

ಸ್ವೀಡನ್ ದೇಶ 1959ರ ಜುಲೈ 1ರಿಂದಲೇ ಹೊಸ ಟ್ರ್ಯಾಕ್ಟರಿಗೆ ಈ ಚೌಕಟ್ಟು ಇರಲೇಬೇಕೆಂದು ಕಾನೂನು ಮಾಡಿತು. ಇಂಗ್ಲೆಂಡು 1970ರಲ್ಲಿ ಮಾಡಿತು. ಅಮೆರಿಕದ ಕಂಪನಿಗಳು 1985ರಿಂದ 20 ಕುದುರೆಶಕ್ತಿಗೆ ಮೇಲಿನ ಹೊಸ ಗಾಡಿಗಳಿಗೆ ತಾವಾಗಿ ಕೂರಿಸಿದವು. ಹೊಸದಕ್ಕಾಯಿತು, ಹಳೆಯದಕ್ಕೆ? ಅಲ್ಲೂ ಸಾಯುತ್ತಿದ್ದವರು ಹಳೇ ಗಾಡಿಯವರೇ, ಸಾಲಕ್ಕೆ ಹೆದರಿದವರೇ. ಅದಕ್ಕೆ ಅಲ್ಲಿನ ಸರ್ಕಾರದ ನಿಯೋಷ್ ಎಂಬ ಸಂಶೋಧನಾ ಸಂಸ್ಥೆ ಹಳೇ ಮಾಡೆಲ್ಲುಗಳಿಗೆ ಕಡಿಮೆ ಖರ್ಚಿನ ಚೌಕಟ್ಟಿನ ನಕ್ಷೆ ತಯಾರಿಸಿತು, ಆ 8ಎನ್ ಗಾಡಿಗೂ ಸೇರಿ. ನ್ಯೂಯಾರ್ಕ್ ರಾಜ್ಯದಲ್ಲಿ 2006ರಿಂದ ಹಳೇ ಟ್ರ್ಯಾಕ್ಟರಿಗೆ ಚೌಕಟ್ಟು ಹಾಕಿಸಿದ ರೈತನಿಗೆ ಖರ್ಚಿನ ಶೇಕಡಾ 70ರಷ್ಟು ವಾಪಸ್ ಕೊಡುವ ಯೋಜನೆ ಶುರುವಾಯಿತು. ಹುಡುಗನ ಮೂಲಕ ಮುದುಕನಿಗೆ ಈ ವಿಷಯ ಹೇಳಿ ಕಳಿಸಿದ್ದೇನೆ. ಅವನ ಗೂಡಿನ ಒಳಗೆ ಆ ಕಮಾನು ಕಾಣಲಿಲ್ಲ.

ನಮ್ಮಲ್ಲಿ ಏನು ನಡೆದಿದೆ? 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಸಂತೋಷ, ಬೇಡವೆನ್ನುವವರಾರು? ಆದರೆ ಹಳೇ ಗಾಡಿಗೆ ಚೌಕಟ್ಟು ಕಟ್ಟಲು ನಾನು ಪೇಟೆಯಲ್ಲಿ ಕೊಳ್ಳುವ ಕಬ್ಬಿಣದ ಪೈಪು, ಆಂಗಲ್ಲಿನ ಮೇಲೆ ಶೇಕಡಾ 18! ಸಾಲ ಮಾಡಿ ಹೊಸದು ಕೊಳ್ಳುವವನಿಗೆ ಬೆನ್ನು ತಟ್ಟುವುದು, ಇದ್ದುದನ್ನೇ ಸರಿ ಮಾಡಿಕೊಂಡು ಬದುಕುವವನಿಂದ ಹೆಚ್ಚು ವಸೂಲಿ ಮಾಡುವುದು. ಇದು ಯಾವ ನ್ಯಾಯ? ಈಗ ಎ.ಸಿ. ಕ್ಯಾಬಿನ್ ಟ್ರ್ಯಾಕ್ಟರ್ ಬಂದಿದೆ, ಮೇಳಗಳಲ್ಲಿ ಹತ್ತಿಸಿ ಕೂರಿಸಿ ತೋರಿಸುತ್ತಾರೆ. ತಂಪಾಗಿರುತ್ತದೆ, ಸುಳ್ಳಲ್ಲ. ಔಷಧಿ ಹೊಡೆಯುವವನ ಮೂಗಿಗೂ ಒಳ್ಳೆಯದು. ಆದರೆ ನಾಲ್ಕು ಎಕರೆ ಗದ್ದೆಯವನು ಅದರ ಕಂತು ಕಟ್ಟುವುದು ಯಾವ ಬೆಳೆಯ ಯಾವ ಬೆಲೆಯಲ್ಲಿ? ಮೆಕ್ಕೆಜೋಳದ ಬೆಲೆ ಕೇಳಿಕೊಂಡು ಬಂದು ಆಮೇಲೆ ಎ.ಸಿ.ಯಲ್ಲಿ ಕೂತರೆ ಬೆವರು ನಿಲ್ಲುತ್ತದೆಯೇ?

ಹಾಗಾಗಿ ಕೇಳಬೇಕಾದ್ದನ್ನು ನೇರ ಕೇಳೋಣ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ನಮ್ಮ ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜಿದೆ. ಹಳ್ಳಿಗಳಲ್ಲಿ ಈಗಲೂ ಓಡುತ್ತಿರುವ ಐದಾರು ಹಳೇ ಮಾಡೆಲ್ಲುಗಳಿಗೆ ಒಂದೊಂದು ಚೌಕಟ್ಟಿನ ನಕ್ಷೆ ಮಾಡಿ, ಗುದ್ದಿ ಪರೀಕ್ಷಿಸಿ, ಎಷ್ಟು ದಪ್ಪದ ಉಕ್ಕು, ಯಾವ ಬೋಲ್ಟು, ಎಲ್ಲಿ ಬಿಗಿಯಬೇಕು ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ತಾಲ್ಲೂಕಿನ ಐ.ಟಿ.ಐ.ಗೆ, ವೆಲ್ಡಿಂಗ್ ಅಂಗಡಿಗೆ ಕೊಡಲಿ. ಖರ್ಚಿನ ಬಹುಪಾಲನ್ನು ಸರ್ಕಾರ ಭರಿಸಲಿ. ಹೊಸ ಯಂತ್ರಕ್ಕೆ ಸಬ್ಸಿಡಿ ಕೊಡುವ ಇಲಾಖೆಗೆ ಇದು ದೊಡ್ಡ ಮೊತ್ತವಲ್ಲ. ನಮ್ಮ ವೆಲ್ಡರುಗಳಿಗೆ ಕೈ ಇದೆ, ನಕ್ಷೆ ಇಲ್ಲ. ನಕ್ಷೆ ಇಲ್ಲದೆ ಅಂದಾಜಿನಲ್ಲಿ ಕಮಾನು ಕಟ್ಟಿಸಲು ಹೋಗಬೇಡಿ, ಅದು ಸುಳ್ಳು ಧೈರ್ಯ.

ಅಲ್ಲಿಯವರೆಗೆ ನೆರಳಿಗೆ, ಮಳೆಗೆ ಕೊಡೆ ಕಟ್ಟಿಕೊಳ್ಳಿ, ಹಗುರಾಗಿ ಕಟ್ಟಿ, ಮಡ್‌ಗಾರ್ಡಿಗೆ ಬೇಡ. ಕೊಂಡಿಯನ್ನು ಯಾವಾಗಲೂ ಕೆಳಗಿನ ಡ್ರಾಬಾರಿಗೇ ಹಾಕಿ, ಮೇಲಿನ ಟಾಪ್ ಲಿಂಕಿಗೆ ಸರಪಳಿ ಕಟ್ಟಿ ದಿಮ್ಮಿ ಎಳೆಯಬೇಡಿ. ಗಾಲಿ ಹೂತರೆ ಹಿಂದಕ್ಕೆ ತೆಗೆದು ನೋಡಿ, ಆಗದಿದ್ದರೆ ಗುದ್ದಲಿ ತೆಗೆದುಕೊಳ್ಳಿ, ಅದೂ ಆಗದಿದ್ದರೆ ಪಕ್ಕದವನ ಗಾಡಿ ಕರೆಸಿ. ಗಾಲಿಗೆ ಮರ ಕಟ್ಟಬೇಡಿ. ಇದನ್ನು ಕೈ ಮುಗಿದು ಹೇಳುತ್ತೇನೆ.

ಬರುವ ತಿಂಗಳ ತಾಲ್ಲೂಕು ಸಭೆಯಲ್ಲಿ ಈ ವಿಷಯ ಇಡುತ್ತೇನೆ. ಹಳೇ ಗಾಡಿ ಇಟ್ಟುಕೊಂಡವರು ಮಾಡೆಲ್ಲು, ವರ್ಷ, ಹಿಂದಿನ ಆಕ್ಸಲ್ ಹೌಸಿಂಗಿನ ದಪ್ಪ, ಅದರ ಮೇಲಿನ ಬೋಲ್ಟಿನ ತೂತುಗಳ ನಡುವಿನ ಅಂತರ ಇಷ್ಟನ್ನು ಟೇಪು ಹಿಡಿದು ಅಳೆದು ಚೀಟಿಯಲ್ಲಿ ಬರೆದು ತನ್ನಿ. ಎಚ್.ಎಂ.ಟಿ. 2511ರ ಅಳತೆ ನಾನು ತರುತ್ತೇನೆ.